ಅಪ್ಪಾವ್ರ ಪಾದ

ಕಾರಿನಿಂದ ಇನ್ನೊಂದು ಕಾಲು ಕೆಳಗಿಡುವ ಮೊದಲೇ ಸ್ವಾಮಿಗಳ ಪಾದಕ್ಕೆ ನೀರು ಬಿತ್ತು. ಆ ನೀರನ್ನು ಕಣ್ಣಿಗೊತ್ತಿಕೊಳ್ಳಲು ಜನ ನಾ ಮುಂದೆ ತಾ ಮುಂದೆ ಎಂದು ನುಗ್ಗಿದರು. ಸತ್ತವಳ ನೆನಪು ಯಾರಿಗಿತ್ತು?

ಬಂಡಮ್ಮನನ್ನು ಅಂಗಳದ ಚಾಪೆಯ ಮೇಲೆ, ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ತಲೆಗೆ ಕೊಬ್ಬರಿ ಎಣ್ಣೆ. ತಾಂಡೂರಿನ ಮಠದಿಂದ ನ್ಯಾಲ್ಕಲ್ ಹತ್ತಿರದ ಈ ಊರು ಮುಟ್ಟುವವರೆಗೂ ಸ್ವಾಮಿಗಳ ಮನಸ್ಸಿನಲ್ಲಿದ್ದದ್ದು ಒಂದೇ ಆಸೆ: ಅವ್ವನ ಕೆನ್ನೆಯನ್ನು ಒಂದು ಸಲ ಮುಟ್ಟಬೇಕು.

ಕೈ ಚಾಚಿದರು. ಊರ ಹಿರಿಯ ಮಾಣಿಕಪ್ಪ ನಡುವೆ ಬಂದ.

"ಹಂಗ ಮುಟ್ಟಬಾರದ್ರಿ ಅಪ್ಪಾವ್ರ. ನೀವು ದೀಕ್ಷಾ ಆದವ್ರು. ನಿಮಗ ತಾಯಿಲ್ಲ, ತಂದಿಲ್ಲ. ಮಣ್ಣು ಕೊಡಾಕ ಆಕಿ ಮಗ ಕಾಶಿನಾಥ ಹಾನಲ್ರಿ."

"ನನ್ನ ಹಡದಾಕಿ, ಮಾಣಿಕಪ್ಪ."

"ಹಡದಾಕಿ ಖರೇರಿ. ಮಠಕ್ಕ ಕೊಟ್ಟಾಕೀನೂ ಆಕೀನೇ."

ತಮ್ಮ ಕಾಶಿನಾಥ ಮುಖ ತಿರುಗಿಸಿಕೊಂಡ.

*

ದೀಕ್ಷೆಯಾದಾಗ ಅವರಿಗೆ ಒಂಬತ್ತು ವರ್ಷ, ಹೆಸರು ಸಂಗು. ಜ್ವರದಲ್ಲಿ ಬೇಯುತ್ತಿದ್ದ ಮಗು ಬದುಕಿದರೆ ಮಠಕ್ಕೆ ಬಿಡುತ್ತೇನೆಂದು ಬಂಡಮ್ಮ ಹರಕೆ ಹೊತ್ತಿದ್ದಳು. ಮಗು ಬದುಕಿತು, ಅವಳ ಪಾಲಿಗೆ ಮಾತ್ರ ಉಳಿಯಲಿಲ್ಲ. ತಲೆ ಬೋಳಿಸಿ, ಕಾವಿ ಉಡಿಸಿ ಗದ್ದುಗೆಯ ಮೇಲೆ ಕೂರಿಸಿದ ಮೇಲೆ ಮೊದಲು ಕಾಲಿಗೆ ಬೀಳಬೇಕಾದವಳು ಹೆತ್ತವಳೇ. ಅವಳು ಬಾಗಿದಾಗ ಹುಡುಗ ಅವಳ ಸೆರಗು ಹಿಡಿದುಕೊಂಡ.

"ಅವ್ವಾ, ನಡಿ, ಮನಿಗಿ ಹೋಗಮ್."

"ಅವ್ವಾ ಅನಬ್ಯಾಡ್ರಿ, ಅಪ್ಪಾವ್ರ," ಎಂದಳು ಅವಳು ತಲೆ ಎತ್ತದೆ. ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು.

ಆಮೇಲೆ ಪ್ರತಿ ವರ್ಷ ತೊಗರಿ ರಾಶಿ ಮುಗಿದ ಮೇಲೆ ಮಠಕ್ಕೆ ಬರುತ್ತಿದ್ದಳು. ಸಾಲಿನ ಕೊನೆಯಲ್ಲಿ ನಿಂತು, ಮಗನ ಪಾದ ಮುಟ್ಟಿ, ಎಲ್ಲರಂತೆ ಕಲ್ಲುಸಕ್ಕರೆ ಪಡೆದು ಹೋಗುತ್ತಿದ್ದಳು. ಊರವರು ಅವಳನ್ನು ಪುಣ್ಯವಂತೆ ಎನ್ನುತ್ತಿದ್ದರು. ಅಂಥ ಪುಣ್ಯ ಹಗೆಗೂ ಬೇಡ.

*

"ಪಾದ ಇಡ್ರಿ ಅಪ್ಪಾವ್ರ, ಹೊತ್ತಾತು," ಎಂದ ಮಾಣಿಕಪ್ಪ. ಗುರುವಿನ ಪಾದ ತಲೆಗೆ ಸೋಕದೆ ಹೆಣವನ್ನು ಕುಣಿಗೆ ಇಳಿಸುವಂತಿರಲಿಲ್ಲ.

"ಅವ್ವನ ತಲಿ ಮ್ಯಾಲ? ನನ್ನಿಂದ ಆಗಂಗಿಲ್ಲ. ಬ್ಯಾರೆ ಅಯ್ಯನವ್ರನ್ನ ಕರೀರಿ."

ತಂಗಿ ಪೂರ್ಣಿಮಾ ಅಲ್ಲಿಯವರೆಗೆ ಹೆಣದ ಪಕ್ಕ ಕೂತಿದ್ದಳು. ಈಗ ಎದ್ದು ನಿಂತು ನೇರ ಅವರ ಮುಖ ನೋಡಿದಳು.

"ನೀವೇ ಇಡಬೇಕ್ರಿ. ಅವ್ವ ಹೇಳಿ ಹೋಗ್ಯಾಳ. 'ಆತನ ಕೈ ಅಂತೂ ನನಗ ಹತ್ತಲಿಲ್ಲ, ಪಾದ ಆದ್ರೂ ಹತ್ತಲಿ' ಅಂದಾಳ."

ಸ್ವಾಮಿಗಳು ಪಾದುಕೆ ಬಿಟ್ಟರು. ಅವ್ವನ ತಲೆ ತಣ್ಣಗಿತ್ತು. ಎಣ್ಣೆ ಅಂಗಾಲಿಗೆ ಅಂಟಿತು. ಜನ ಜೈಕಾರ ಹಾಕಿದರು. ಕಾಲು ಕೆಳಗಿಟ್ಟಾಗ ಹೆಬ್ಬೆರಳಿಗೆ ಒಂದು ಬಿಳಿ ಕೂದಲು ಸುತ್ತಿಕೊಂಡಿತ್ತು.

ಅದನ್ನು ಬಿಡಿಸಿಕೊಳ್ಳಲು ಅವರು ಬಾಗಿದರು. ಅಷ್ಟರಲ್ಲಿ ಮಾಣಿಕಪ್ಪ ಪಾದದ ಮೇಲೆ ತಂಬಿಗೆ ಬಗ್ಗಿಸಿದ್ದ. ಹರಿದುಹೋಗುವ ನೀರಿಗಾಗಿ ಸುತ್ತಲೂ ಬೊಗಸೆಗಳು ಚಾಚಿಕೊಂಡವು.