ಎತ್ತಿ ಕಟ್ಟಿದ ಕೂದಲು

ಮಾರ್ಜರಿ ತನ್ನ ಅಮ್ಮನ ಕೂದಲಿನಿಂದ ನೀಲಿ ರಿಬ್ಬನ್ನನ್ನು ಕಿತ್ತು ನೆಲಕ್ಕೆ ಎಸೆದಳು. ಮನೆಯ ಮುಂಗೋಣೆಯಲ್ಲಿ ಶವಪೆಟ್ಟಿಗೆಯ ಮುಚ್ಚಳ ಇನ್ನೂ ಹಾಕಿರಲಿಲ್ಲ. ಎಪ್ಪತ್ತು ದಾಟಿದ ಹೆಸ್ಟರಳ ಬಿಳಿ ಕೂದಲನ್ನು ಯಾರೋ ಬಿಚ್ಚಿ ಬಾಚಿ, ಎಳೆ ಹುಡುಗಿಯ ಹಾಗೆ ಭುಜದ ಮೇಲೆ ಹರಡಿದ್ದರು.

"ಯಾರು ಮಾಡಿದ್ದು ಇದನ್ನ?"

"ನಾನೇ ಹೇಳಿ ಮಾಡಿಸ್ದೆ," ಎಂದ ಸೋದರಮಾವ ರೂಪರ್ಟ್. "ನಮ್ಮಪ್ಪ ಬರೆದ ಪುಸ್ತಕ ಓದಿ ಬೆಳೆದೋರು ಲಂಡನ್ನಿಂದ ಬಂದಿದಾರೆ ಕಣೇ. ಅವರಿಗೆ ಹೆಸ್ಟರ್ ಅಂದ್ರೆ ಕೊಳದಾಚೆಯ ಹುಡುಗಿ. ಇವತ್ತೊಂದಿನ ಹಾಗೇ ಕಾಣ್ಲಿ ಬಿಡು."

"ಸತ್ತ ಮೇಲೂ ಬಿಡಲ್ವಾ ನೀವು?"

ಪಕ್ಕದ ಮನೆಯ ಮಿಸೆಸ್ ಆಕ್ರಾಯ್ಡ್ ಮೂಗು ಒರೆಸಿಕೊಂಡಳು. "ಎಂಥ ಹುಡುಗಿ ಸ್ವಾಮಿ? ನನ್ನ ಮೂರು ಹೆರಿಗೆ ಮಾಡಿಸಿದ ಸೂಲಗಿತ್ತಿ ಅವರು. ಈ ಬೀದಿ ಅರ್ಧ ಹುಟ್ಟಿದ್ದು ಅವರ ಕೈಯಲ್ಲೇ."

"ಅದೆಲ್ಲ ಲಂಡನ್ನಿನೋರಿಗೆ ಬೇಡಮ್ಮ," ಎಂದ ರೂಪರ್ಟ್.

*

ಹೆಸ್ಟರಳ ಅಪ್ಪ ಬರೆದ ಕತೆಯಲ್ಲಿ ಹುಡುಗಿಯೊಬ್ಬಳು ಹತ್ತನೆಯ ಹುಟ್ಟುಹಬ್ಬದ ಮುನ್ನಾದಿನ ಕೊಳ ದಾಟಿ ಹೋಗುತ್ತಾಳೆ. ಅಲ್ಲಿ ಯಾರೂ ದೊಡ್ಡವರಾಗುವುದಿಲ್ಲ. ದೇಶದ ಮಕ್ಕಳೆಲ್ಲ ಆ ಕತೆಗೆ ಮರುಳಾದರು. ಆ ಹುಡುಗಿಗೆ ಅಪ್ಪ ಮಗಳ ಹೆಸರನ್ನೇ ಇಟ್ಟಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ.

ಆಗೆಲ್ಲ ಹುಡುಗಿಗೆ ಹದಿನೇಳು ತುಂಬಿತೆಂದರೆ ಕೂದಲನ್ನು ಪಿನ್ನು ಚುಚ್ಚಿ ಮೇಲಕ್ಕೆ ಕಟ್ಟಬೇಕು, ಲಂಗ ಪಾದ ಮುಟ್ಟಬೇಕು. ಆಮೇಲೆ ಅವಳನ್ನು ಯಾರೂ ಮಗು ಎನ್ನುವಂತಿಲ್ಲ. ಗೆಳತಿಯರೆಲ್ಲ ಕಟ್ಟಿದರು. ಹೆಸ್ಟರಳಿಗೆ ಮಾತ್ರ ಮೊಣಕಾಲುದ್ದದ ಫ್ರಾಕು, ಬಿಟ್ಟ ಕೂದಲು, ರಿಬ್ಬನ್ನು. ಫೋಟೋದವರು ಬರುವ ದಿನ ಅಪ್ಪ ಅವಳ ಎದೆಗೆ ಬಟ್ಟೆ ಬಿಗಿಸಿ ಕಟ್ಟಿಸುತ್ತಿದ್ದ. ಪಾಪಿ.

"ನಂಗೆ ಹತ್ತೊಂಬತ್ತು, ಅಪ್ಪ."

"ಮುಚ್ಚು ಬಾಯಿ. ನೀನು ದೊಡ್ಡೋಳಾದ್ರೆ ಆ ಮಕ್ಕಳಿಗೆಲ್ಲ ನಾನೇನು ಹೇಳ್ಲಿ?"

ಮರುದಿನ ಅಡಿಗೆಯವಳ ಹತ್ತಿರ ಪಿನ್ನು ಕೇಳಿ ಇಸಿದುಕೊಂಡು, ಕೂದಲು ಎತ್ತಿ ಕಟ್ಟಿ, ಹೆಸ್ಟರ್ ಆಸ್ಪತ್ರೆಗೆ ದಾದಿ ಕೆಲಸ ಕಲಿಯಲು ಹೊರಟುಹೋದಳು. ಅಪ್ಪ ಸಾಯುವವರೆಗೂ ಅವಳನ್ನು ಮಾತಾಡಿಸಲಿಲ್ಲ. ಮುಡಿ ಬಿಚ್ಚಿದ ಅಮ್ಮನನ್ನು ಮಾರ್ಜರಿ ಹಗಲಲ್ಲಿ ನೋಡಿದ್ದೇ ಇಲ್ಲ.

*

"ರಿಬ್ಬನ್ ಕಟ್ಟು ಮಾರ್ಜರಿ, ಜನ ಹೊರಗೆ ಕಾಯ್ತಿದಾರೆ."

"ಕಾಯ್ಲಿ. ನಿಮ್ಮಪ್ಪನಿಗೆ ಕರುಣೆ ಇರ್ಲಿಲ್ಲ, ನಿಮಗೆ ನಾಚಿಕೆ ಇಲ್ಲ. ನಮ್ಮಮ್ಮ ಹೆಂಗಸಾಗೇ ಮಣ್ಣಿಗೆ ಹೋಗ್ತಾಳೆ. ಆಚೆ ನಡೀರಿ ಮಾವ."

ಮಿಸೆಸ್ ಆಕ್ರಾಯ್ಡ್ ಅವನನ್ನು ಹೊರಗೆ ದಬ್ಬಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅಮ್ಮನ ಪಿನ್ನುಗಳನ್ನು ಎಲ್ಲಿ ಬಿಸಾಡಿದ್ದರೋ, ಸಿಗಲಿಲ್ಲ. ಮಾರ್ಜರಿ ತನ್ನ ತಲೆಗೇ ಕೈ ಹಾಕಿ ಪಿನ್ನುಗಳನ್ನು ಎಳೆದಳು. ತಣ್ಣಗಾದ ಕುತ್ತಿಗೆಯನ್ನು ಮೆಲ್ಲಗೆ ಎತ್ತಿ, ಕೂದಲು ಸುತ್ತಿ, ಒಂದೊಂದೇ ಪಿನ್ನು ಚುಚ್ಚಿದಳು.

ಪುಸ್ತಕ ಎದೆಗವುಚಿಕೊಂಡ ಲಂಡನ್ನಿನವರು ಒಳಗೆ ಬಂದು ಪೆಟ್ಟಿಗೆಯಲ್ಲಿ ಇಣುಕಿ, ಪಕ್ಕಕ್ಕೆ ಸರಿದರು. ಮೆರವಣಿಗೆ ಗುಡ್ಡ ಹತ್ತುವಾಗ ಬೀದಿಯವರೆಲ್ಲ ತಿರುಗಿ ನೋಡಿದರು. ಪೆಟ್ಟಿಗೆಯ ಹಿಂದೆ, ನಲವತ್ತೈದರ ಮಾರ್ಜರಿಯ ಅರೆನರೆತ ಕೂದಲು ಗಾಳಿಗೆ ಕೆದರಿ ಬಾಯಿಗೆ, ಕಣ್ಣಿಗೆ ಬೀಳುತ್ತಿತ್ತು. ಅವಳು ಅದನ್ನು ಸರಿಸಲಿಲ್ಲ.