ರಾಚಮ್ಮನ ಕೈಗುಣ, ಕುಸುಮಳ ರಾಕೆಟ್ಟು

ಮದುವೆ ಮಾತಿನಲ್ಲಿ ಹೆಣ್ಣಿನ ಕಡೆಯವರು ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುವುದು ಲೋಕರೂಢಿ. ನಾನು ಹಚ್ಚಿದ್ದೂ ಅಷ್ಟೇ. ಕೊಳ್ಳೇಗಾಲದ ಒಂದು ಛತ್ರದ ಮ್ಯಾನೇಜರು ನಾನು, ಶಾಂತರಾಜು. ಬೆಳಗಾದರೆ ಬೇರೆಯವರ ಹೆಣ್ಣುಗಂಡುಗಳ ಗುಣಗಾನ ಕೇಳುವವನಿಗೆ ಸ್ವಂತ ಅಣ್ಣನ ಮಗಳನ್ನು ಹೊಗಳಲು ಯಾರಾದರೂ ಹೇಳಿಕೊಡಬೇಕೆ? ಅಗರದಲ್ಲಿ ಹುಟ್ಟಿ ಬೆಳೆದ ನಮ್ಮ ಕುಸುಮ ಈಗ ಒಂದು ಖಾಸಗಿ ರಾಕೆಟ್ ಕಂಪನಿಯಲ್ಲಿ ಎಂಜಿನಿಯರು. ಲೊಕ್ಕನಹಳ್ಳಿಯ ಚಿಕ್ಕಮಾದಯ್ಯನವರ ಮಗ ಶಿವಶಂಕರ ಹನೂರಿನಲ್ಲಿ ಮೇಷ್ಟ್ರು. ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ದರು. ಹುಡುಗನ ಮನೆಯ ಕಾಫಿ ಕುಡಿದು ತೆಪ್ಪಗೆ ಎದ್ದು ಬರುವುದು ಬಿಟ್ಟು ನಾನೊಂದು ಮಾತು ಸೇರಿಸಿದೆ.

“ನಮ್ ಮಗು ಊಂ ಅಂದ್ರೇನೆ ರಾಕೆಟ್ ಮೇಲಕ್ಕೋಗದು ಕಣ್ರಿ. ಅವ್ಳು ಊಂ ಅನ್ನದೆ ಯಾವ ಸಾಹೇಬ್ರೂ ಬಟನ್ ಮುಟ್ಟಾಂಗಿಲ್ಲ.”

ಇದರಲ್ಲಿ ಸುಳ್ಳೇನಿಲ್ಲ. ಅಲ್ಲಿ ಅವಳಂತೆ ಊಂ ಅನ್ನುವವರು ಇನ್ನೂ ಹತ್ತಾರು ಜನ ಸಾಲಾಗಿ ಕೂತಿರುತ್ತಾರೆ. ಅವರ ವಿಷಯ ನಮಗೇಕೆ ಎಂದು ಬಿಟ್ಟಿದ್ದೆ.

ಹುಡುಗನ ತಾಯಿ ರಾಚಮ್ಮ ಲೋಟ ಕೆಳಗಿಟ್ಟರು. “ಇಲ್ಲೀಗಂಟ ಎಷ್ಟು ಬುಟ್ಟವ್ರೆ?”

“ಎರಡು.”

“ಈಗ ಎಲ್ಲವೆ ಅವು?”

ನಾನು ಪಕ್ಕದಲ್ಲಿ ಕೂತಿದ್ದ ಅಣ್ಣನ ಮುಖ ನೋಡಿದೆ. ಅಣ್ಣ ಸೂರಿನ ಹೆಂಚು ಎಣಿಸುತ್ತಿದ್ದ.

“ಸಮುದ್ರದಲ್ಲಿ,” ಎಂದೆ.

“ಎರಡಕ್ಕೂ ಈ ಮಗೂನೇ ಊಂ ಅಂದಿದ್ದಾ?”

ನನ್ನ ಮಾತು ನನ್ನ ಕೊರಳಿಗೇ ಸುತ್ತಿಕೊಂಡಿತು. ಯಾಕೆಂದರೆ ಲೊಕ್ಕನಹಳ್ಳಿಯಲ್ಲಿ ರಾಚಮ್ಮನ ಕೈಗುಣ ಅಂದರೆ ಸಾಮಾನ್ಯವಲ್ಲ. ಬಿತ್ತನೆಗೆ ಮೊದಲ ಹಿಡಿ ಬೀಜ ಅವರ ಕೈಯಿಂದಲೇ ಬೀಳಬೇಕು, ಆಮೇಲೆಯೇ ಉಳಿದವರ ಕೂರಿಗೆ ಹೊಲಕ್ಕಿಳಿಯುವುದು. ಅವರ ಅತ್ತೆಯಿಂದ ಅವರಿಗೆ ಬಂದ ಕೆಲಸ ಅದು, ಮುಂದೆ ಸೊಸೆಗೆ ಹೋಗಬೇಕಾದದ್ದು.

“ಎರಡೆರಡು ರಾಕೆಟ್ ನೀರಿಗಾಕಿದ ಕೈಲಿ ಬೀಜ ಬಿತ್ತಿಸಿ ಊರೋರ್ಗೆ ಏನಂತ ಉತ್ತರ ಕೊಡ್ಲಿ ನಾನು?”

ಹೊಸ ಕಂಪನಿಗಳ ಮೊದಮೊದಲ ರಾಕೆಟ್ಟುಗಳು ಲೋಕದಲ್ಲೆಲ್ಲ ಹೀಗೇ ಬೀಳುತ್ತವೆ ಎಂದು ಶಿವಶಂಕರ ಪಾಠ ಶುರುಮಾಡಿದ.

“ನಾನು ಲೋಕುಕ್ಕೆ ಸೊಸೆ ತರ್ತಿಲ್ಲ ಕಣ್ಲಾ, ಮನೆಗೆ ತರ್ತಿರದು,” ಎಂದರು ರಾಚಮ್ಮ. “ಮೂರನೇದು ಓಗ್ಲಿ. ಆಮೇಲೆ ಮಾತು.”

ಅಂದು ಸಂಜೆ ಕುಸುಮಳಿಗೆ ಫೋನು ಮಾಡಿ ರಾಚಮ್ಮನ ಷರತ್ತು ಹೇಳಿದೆ.

“ಮೊದಲ್ನೇದ್ರಲ್ಲಿ ಮೇಲಿನ ಎಂಜಿನ್ ಹತ್ತಲಿಲ್ಲ ಚಿಕ್ಕಪ್ಪ. ಎರಡನೇದ್ರಲ್ಲಿ ಅದು ಹತ್ತಿತು, ಬೇರೆದು ಕೆಡ್ತು. ಹಿಂಗೇ ಒಂದೊಂದಾಗಿ ಸರಿ ಮಾಡ್ಕಂಡು ಹೋಗ್ಬೇಕು.”

“ಇದೊಂದು ಎತ್ತುಬುಡು ತಾಯಿ. ನಾಲ್ಕನೇದು ಯಾವ್ ಕೆರೆಗಾರ ಬೀಳ್ಲಿ.”

ನಕ್ಕಳು. “ಅವ್ರು ನಂಗಿಷ್ಟ ಚಿಕ್ಕಪ್ಪ,” ಎಂದಳು.

ಮೂರನೆಯದು ಹಾರುವ ದಿನವೇ ಲೊಕ್ಕನಹಳ್ಳಿಯಲ್ಲಿ ಬಿತ್ತನೆ ಇಟ್ಟುಕೊಂಡರು. ಹಿಂದಿನ ಸಂಜೆ ಮಳೆ ಬಿದ್ದಿತ್ತು. ಎರಡೂ ಒಟ್ಟಿಗೆ ಆಗಿಹೋಗಲಿ, ಬನ್ನಿ ಎಂದು ರಾಚಮ್ಮ ಹೇಳಿಕಳಿಸಿದ್ದರು. ಹೊಲ ಇರುವುದು ಕಾಡಿನ ಅಂಚಿಗೆ. ಅಲ್ಲಿ ಆನೆಗೆ ಸಿಗುವ ದಾರಿ ಫೋನಿನ ನೆಟ್‌ವರ್ಕಿಗೆ ಸಿಗುವುದಿಲ್ಲ. ಆನೆ ಬಾರದಿರಲೆಂದು ತೋಡಿದ ಕಂದಕದ ಮಣ್ಣುಗುಡ್ಡೆಯ ಮೇಲೆ ಮಾತ್ರ ಎರಡು ಗೆರೆ ಬರುತ್ತದೆ. ಪಂಚೆ ಎತ್ತಿಕಟ್ಟಿ ಅದರ ಮೇಲೆ ಹತ್ತಿ, ರಾಕೆಟ್ಟಿನ ನೇರಪ್ರಸಾರ ಹಾಕಿದ ಫೋನು ಹಿಡಿದು ನಿಂತೆ. ಪಕ್ಕದಲ್ಲಿ ಶಿವಶಂಕರ. ಕೆಳಗೆ ಎತ್ತು, ಕೂರಿಗೆ, ಬಾಡಿಗೆ ಟ್ರ್ಯಾಕ್ಟರು, ಅರ್ಧ ಊರು. ಮಡಿಲಲ್ಲಿ ರಾಗಿ ಕಟ್ಟಿಕೊಂಡು ರಾಚಮ್ಮ.

ಎಣಿಕೆ ಇಳಿಯುತ್ತಾ ಬಂತು. ಇನ್ನೇನು ಬೆಂಕಿ ಕಾಣಬೇಕು, ಎಣಿಕೆ ಗಪ್ಪನೆ ನಿಂತಿತು. ಇಂಗ್ಲಿಷಿನಲ್ಲಿ ಏನೋ ಅಂದರು.

“ನಿಲ್ಲಿಸ್ಬುಟ್ರು,” ಎಂದ ಶಿವಶಂಕರ. ಅವನ ಮುಖ ಬಾಡಿತ್ತು.

“ಬಿತ್ತಾ?” ಕೆಳಗಿನಿಂದ ಯಾರೋ ಕೇಳಿದರು.

“ಬೀಳಕ್ಕೆ ಎದ್ದೇ ಇಲ್ಲ ಕಣಯ್ಯ,” ಎಂದೆ.

“ನನ್ ಮೊಪೆಡ್ಡೂ ಇಂಗೇಯ, ಬೆಳಗ್ಗೆ ಒತ್ತು,” ಎಂದರು ಚಿಕ್ಕಮಾದಯ್ಯ, ಸಮಾಧಾನ ಹೇಳುವವರಂತೆ. ಫೋನನ್ನು ಕಂದಕಕ್ಕೆ ಎಸೆದು ಹಿಂದೆಯೇ ನಾನೂ ಹಾರಿಬಿಡೋಣ ಅನ್ನಿಸಿತು. ಎಷ್ಟೋ ಸಂಬಂಧ ಮುರಿದಿದ್ದನ್ನು ಛತ್ರದಲ್ಲಿ ಕೂತು ನೋಡಿದ್ದೇನೆ, ರಾಕೆಟ್ಟಿನ ದೆಸೆಯಿಂದ ಮುರಿದಿದ್ದು ಇದೇ ಮೊದಲು.

ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿಗೆ ಕುಸುಮಳದೇ ಫೋನು ಬಂತು. ಎಲ್ಲರಿಗೂ ಕೇಳಿಸುವಂತೆ ಸ್ಪೀಕರ್ ಹಾಕಿಸಿದರು ರಾಚಮ್ಮ.

“ಚಿಕ್ಕಪ್ಪ, ನಾನೇ ಬೇಡ ಅಂದೆ. ಒಂದು ಪೈಪಲ್ಲಿ ಒತ್ತಡ ಇರ್ಬೇಕಾದಂಗೆ ಇರ್ಲಿಲ್ಲ. ಎಲ್ರೂ ನನ್ ಮುಖಾನೇ ನೋಡ್ತಿದ್ರು. ದೊಡ್ಡ ಸಾಹೇಬ್ರು ಕೋಪ ಮಾಡ್ಕಂಡವ್ರೆ.”

ರಾಚಮ್ಮ ಕೆಳಗಿನಿಂದಲೇ ಕೂಗಿ ಕೇಳಿದರು. “ನಿನ್ ಮದ್ವೆ ಇದ್ರ ಮೇಲೆ ನಿಂತದ ಅಂತ ಗೊತ್ತಿತ್ತಾ ಮಗ?”

“ಗೊತ್ತಿತ್ತು ಅತ್ತೆ.”

“ಗೊತ್ತಿದ್ದೂ ಊಹೂಂ ಅಂದ್ಯಾ?”

“ಅಂದೆ.”

ಎತ್ತು ಹಿಡಿದವರಿಗೆ ಬೇಸರ ಬಂದಿತ್ತು. “ಒತ್ತಾಯ್ತು ಕಣಕ್ಕ. ನೀನು ಹಿಡಿ ಬೀಜ ಎರಚು, ನಾವು ಕೆಲಸ ನೋಡ್ಕತೀವಿ,” ಎಂದರು.

ರಾಚಮ್ಮ ಮಡಿಲಿಗೆ ಕೈಹಾಕಿ ರಾಗಿ ತೆಗೆದವರು, ಹಾಗೇ ನಿಂತು, ರಾಗಿಯನ್ನು ಮಡಿಲಿಗೆ ಬಿಟ್ಟು ಕೂತರು. ಬೆರಳಲ್ಲಿ ನೆಲ ಬಗೆದರು. ಮೇಲೆ ತೇವ ಇತ್ತು. ಕೆಳಗಿನ ಮಣ್ಣು ಹಿಟ್ಟಿನ ಹಾಗೆ ಉದುರಿತು.

“ಓದೊರ್ಸನೂ ಇಂಗೇ ಇತ್ತು,” ಎಂದರು. “ಊರೇ ಬಂದು ನಿಂತದಲ್ಲ, ಬೇಡ ಅನ್ನದೆಂಗೆ ಅಂತ ಎರಚ್ಬುಟ್ಟೆ. ಪೈರು ಎದ್ದು ಒಣಗೋಯ್ತು. ನೀವೆಲ್ಲ ಮಳೆಗೆ ಬೈದ್ರಿ. ನನ್ನ ಯಾರೂ ಬೈನಿಲ್ಲ.”

ರಾಚಮ್ಮ ಎದ್ದು ಮಡಿಲು ಬಿಗಿ ಮಾಡಿಕೊಂಡರು.

“ಹದ ಇಲ್ಲ. ಇವತ್ತು ಬಿತ್ತಾದಿಲ್ಲ. ಎತ್ತು ಒಡ್ಕಂಡೋಗಿ.”

ಟ್ರ್ಯಾಕ್ಟರಿನವನು ಗೊಣಗಿದ. ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ರಾಚಮ್ಮ ನನ್ನ ಕಡೆ ತಿರುಗಿದರು. “ಸಾಂತರಾಜಣ್ಣ, ಇಳೀರಿ ಕೆಳಕ್ಕೆ. ನಿಮ್ ಛತ್ರ ಯಾವಾಗ ಖಾಲಿ ಅದ?”

“ರಾಕೆಟ್ ಇನ್ನೂ ಓಗ್ನಿಲ್ವಲ್ಲಕ್ಕ?”

“ಅದು ಓದಾಗ ಓಯ್ತದ. ಊಂ ಅನ್ನೋರು ಊರ್ ತುಂಬ ಅವ್ರೆ. ಊಹೂಂ ಅನ್ನೋಳು ಒಬ್ಳಾರ ನಮ್ಮನೇಲಿರ್ಲಿ. ನಂಗಂತೂ ಇಷ್ಟು ವರ್ಸ ಬಾಯೇ ಬರ್ನಿಲ್ಲ.”

ಫೋನು ಇನ್ನೂ ಆನ್ ಇತ್ತು. ಅದರೊಳಗಿಂದ ಕುಸುಮ ಅಳುವುದೋ ನಗುವುದೋ ಕೇಳಿಸಿತು. ನನ್ನ ಕಣ್ಣೂ ತುಂಬಿತು. ಶಿವಶಂಕರ ನೋಡಿದ್ದಕ್ಕೆ ಧೂಳು ಎಂದೆ.

ಆಮೇಲೆ ಹದವಾದ ಮಳೆ ಬಂತು, ರಾಚಮ್ಮ ಬಿತ್ತಿದರು, ರಾಗಿ ಹುಲುಸಾಗಿ ಬಂತು. ಪೈಪು ಸರಿಮಾಡಿ ರಾಕೆಟ್ಟನ್ನೂ ಬಿಟ್ಟರು. ಸೊಗಸಾಗಿಯೇ ಎದ್ದಿತು, ಆದರೆ ಉಪಗ್ರಹವನ್ನು ಎಲ್ಲಿಗೆ ಮುಟ್ಟಿಸಬೇಕೋ ಅಲ್ಲಿಗಿಂತ ಕೆಳಗೇ ಬಿಟ್ಟಿತು. ಮದುವೆಯ ಹಿಂದಿನ ವಾರ, ನಾನು ಫೋನು ಹಿಡಿದು ನಿಂತಿದ್ದ ಅದೇ ಮಣ್ಣುಗುಡ್ಡೆಯನ್ನು ಕಂದಕಕ್ಕೆ ತಳ್ಳಿ ದಾರಿ ಮಾಡಿಕೊಂಡು ಬಂದ ಆನೆಗಳು ಕೊಯ್ಲಿಗೆ ಬಂದಿದ್ದ ರಾಗಿಯಲ್ಲಿ ಅರ್ಧ ತಿಂದು ಹೋದವು.

ಧಾರೆ ಮುಗಿದ ಮೇಲೆ ಛತ್ರದ ಮೂಲೆಯಲ್ಲಿ ಅತ್ತೆ ಸೊಸೆ ತಲೆಗೆ ತಲೆ ಕೊಟ್ಟು ಕೂತಿದ್ದರು. ಮೊದಲ ದಿನವೇ ಜಗಳವೇ ಎಂದು ಗಾಬರಿಯಾಗಿ ಹತ್ತಿರ ಹೋದೆ.

“ಕೆಟ್ಟಿದ್ದು ಮೇಲಿನ ಎಂಜಿನ್ನಾ, ಕೆಳಗಿಂದಾ?” ರಾಚಮ್ಮ ಕೇಳುತ್ತಿದ್ದರು.

“ಮೇಲಿಂದು. ಬೇಗ ಆರೋಯ್ತು. ಆನೆ ಮೊದಲು ಗುಡ್ಡೆ ತಳ್ಳಿದ್ವಾ ಅತ್ತೆ, ಇಲ್ಲಾ ಕಂದಕ ಮೊದಲೇ ಕುಸಿದಿತ್ತಾ?”

ಊಟದ ಮನೆಯಲ್ಲಿ ಜನ ಕಾಯುತ್ತಿದ್ದರು. ಎಲೆ ಹಾಕಿಸಲೇ ಎಂದು ಕೇಳಿದೆ.

“ತಡೀರಿ,” ಎಂದರು ಇಬ್ಬರೂ.