ಕರಿ ಕೋಟಿನ ಇಂದ್ರಾಬಾಯಿ

ಮೇ ತಿಂಗಳ ನಡುಹಗಲು, ಬಾಗಲಕೋಟೆಯ ಬಿಸಿಲು ಕಾಗೆಯನ್ನೂ ನೆರಳಿಗೆ ಅಟ್ಟಿರುವ ಹೊತ್ತಿನಲ್ಲಿ, ಇಳಕಲ್ ಸೀರೆಯ ಮೇಲೆ ಉಣ್ಣೆಯ ಕರಿ ಕೋಟು ತೊಟ್ಟು, ಬರಿಗಾಲಲ್ಲಿ, ಕಾದ ಫರಸಿಗಲ್ಲಿನ ಮೇಲೆ ಒಂದಿಷ್ಟೂ ಅವಸರಿಸದೆ ನಡೆದು ಬರುವ ಹೆಂಗಸೊಬ್ಬರನ್ನು ಎಂಬತ್ತರ ದಶಕದಲ್ಲಿ ನೀವು ಆ ಊರಿನಲ್ಲಿ ಕಂಡಿದ್ದರೆ, ತಲೆ ನೆಟ್ಟಗಿಲ್ಲದವರೆಂದು ತಿಳಿದು ದಾರಿ ಬಿಟ್ಟಿರುತ್ತಿದ್ದಿರಿ. ದಾರಿ ಬಿಡುವುದೇನೋ ಸರಿ. ತಿಳಿದದ್ದು ಮಾತ್ರ ತಪ್ಪು. ಅವರು ಇಂದ್ರಾಬಾಯಿ. ನೇಕಾರರ ಮನೆಗೆ ನೂಲು ಕಳಿಸಿ ಸೀರೆ ತರಿಸಿಕೊಳ್ಳುವ ಒಕ್ಕೂಟವೊಂದರಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು. ಆ ಯಂತ್ರವನ್ನಿರಿಸಿದ ಕೋಣೆಯೊಂದೇ ಇಡೀ ಊರಿನಲ್ಲಿ ತಣ್ಣಗಿದ್ದ ಸ್ಥಳ. ಧೂಳನ್ನು ಕಂಡರೆ ಯಂತ್ರಕ್ಕೆ ಆಗದೆಂದು ಚಪ್ಪಲಿಗಳೆಲ್ಲ ಹೊಸ್ತಿಲಾಚೆ. ಒಳಗಿನ ಚಳಿಗೆಂದು ತೊಟ್ಟ ಕೋಟನ್ನು ಕಳಚಲು, ಹೊರಗೆ ಬಿಟ್ಟ ಚಪ್ಪಲಿಯನ್ನು ಮೆಟ್ಟಲು ಮರೆತು, ಅವರು ಹಾಗೆಯೇ ಆಫೀಸಿನ ಅಂಗಳ ದಾಟಿ ಅಧ್ಯಕ್ಷರ ಕೋಣೆಗೆ ನಡೆದುಬಿಡುತ್ತಿದ್ದರು. ಆ ಕೋಟು ಸೊಲ್ಲಾಪುರದ ಹಳೇ ಬಟ್ಟೆಯ ಅಂಗಡಿಯಲ್ಲಿ ಕೊಂಡ ಗಂಡಸರ ಕೋಟು. ಅದರ ತೋಳು ಅವರ ಬೆರಳ ತುದಿಯವರೆಗೆ ಬರುತ್ತಿತ್ತು.

ಹುನಗುಂದದ ಕಾಳಿನ ವ್ಯಾಪಾರಿಯೊಬ್ಬರ ಮಗಳು. ಧಾರವಾಡದಲ್ಲಿ ಗಣಿತ ಓದಿ, ಹೈದರಾಬಾದಿನಲ್ಲಿ ಹತ್ತು ವರ್ಷ ಲೆಕ್ಕದ ಯಂತ್ರಗಳೊಡನೆ ಬಾಳಿ, ಎಂಬತ್ತರಲ್ಲಿ ಹುಟ್ಟಿದ ಸೀಮೆಗೆ ಮರಳಿದವರು. ಅಷ್ಟು ದೊಡ್ಡ ನೌಕರಿ ಬಿಟ್ಟು ಬಂದದ್ದೇಕೆಂದು ಯಾರಾದರೂ ಕೆದಕಿದರೆ, "ಅಲ್ಲಿ ಖಡಕ್ ರೊಟ್ಟಿ ಸಿಗೂದಿಲ್ರಿ" ಎಂದು ಹೇಳಿ ಮಾತಿನ ಬಾಗಿಲು ಹಾಕುತ್ತಿದ್ದರು. ಖರೆಯ ಕಾರಣವನ್ನು ಅವರು ಹೇಳದಿದ್ದರೂ ಬಲ್ಲವರು ಬಲ್ಲರು: ಹೈದರಾಬಾದಿನಲ್ಲಿ ಅವರ ಕೈಕೆಳಗೆ ಕಲಿತವರೆಲ್ಲ ಮೇಲಧಿಕಾರಿಗಳಾದರು, ಇವರು ಮಾತ್ರ ಕಲಿಸುತ್ತಲೇ ಉಳಿದರು. ಒಂದು ಸಂಸ್ಥೆಯನ್ನು ತಾವೇ ನಡೆಸಬೇಕು, ಹಗ್ಗ ತಮ್ಮ ಕೈಯಲ್ಲಿರಬೇಕು ಎಂಬ ಆಸೆ ಅವರಿಗಿತ್ತು. ಹೆಂಗಸರಿಗೆ ಅಂಥ ಆಸೆ ಇರಬಹುದೆಂಬ ಶಂಕೆಯೂ ಆ ಕಾಲಕ್ಕೆ ಬಹಳ ಮಂದಿಗೆ ಇರಲಿಲ್ಲ. ಆದ್ದರಿಂದ ಅದನ್ನು ಬಚ್ಚಿಡಲು ಅವರು ವಿಶೇಷ ಕಷ್ಟಪಡಬೇಕಾಗಲಿಲ್ಲ.

ಅವರ ಮಾತು ಮಿತ. ಎದುರಿಗಿದ್ದವರು ವರದಿಯನ್ನೆಲ್ಲ ಒಪ್ಪಿಸಿ ಮುಗಿಸಿ, ಇನ್ನೇನು ಏಳಬೇಕೆನ್ನುವಾಗ, ಇವರು ಕಣ್ಣೆತ್ತಿ "ಮತ್ತ?" ಎನ್ನುತ್ತಿದ್ದರು. ಅಷ್ಟೇ. ಆ ಎರಡಕ್ಷರದಲ್ಲಿ ಗದರಿಕೆಯಿರಲಿಲ್ಲ, ಸಂಶಯವೂ ಇರಲಿಲ್ಲ; ಆದರೆ ಅದರ ಮುಂದೆ ಕೂತವನು ತಾನು ನುಂಗಿಕೊಂಡಿದ್ದ ಸಂಗತಿಗಳನ್ನು ಒಂದೊಂದಾಗಿ ಹೊರಗೆ ಹಾಕಲೇಬೇಕಾಗುತ್ತಿತ್ತು. ನಮ್ಮ ಪೊಲೀಸರು ಆ ವಿದ್ಯೆಯನ್ನು ಕಲಿತಿದ್ದರೆ ಲಾಠಿಗಳೆಲ್ಲ ಗೆದ್ದಲು ಹಿಡಿಯುತ್ತಿದ್ದವು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನೊಂದು ಹಟವಿತ್ತು. "ಕಂಪ್ಯೂಟರ್ ತಪ್ಪು ಮಾಡ್ತು" ಎಂಬ ವಾಕ್ಯವನ್ನು ಅವರ ವಿಭಾಗದಲ್ಲಿ ಯಾರೂ ಆಡುವಂತಿರಲಿಲ್ಲ. ಆಡಿದವರಿಗೆ, "ಅದಕ್ಕ ಯಾರು ಹೇಳಿದ್ರು ಅದನ್ನ ಹೇಳ್ರಿ" ಎಂಬ ಉತ್ತರ ಸಿದ್ಧವಿರುತ್ತಿತ್ತು. ತಮ್ಮ ಕೈಕೆಳಗಿನ ಏಳೆಂಟು ಜನರನ್ನು ಹೊರಗಿನವರು ಬಯ್ಯಲು ಅವರು ಬಿಟ್ಟವರಲ್ಲ. ಬಯ್ಯುವ ಹಕ್ಕನ್ನು ತಮಗೊಬ್ಬರಿಗೇ ಕಾದಿರಿಸಿಕೊಂಡಿದ್ದರು. ಗೋದಾಮಿನವರೋ ಲೆಕ್ಕದವರೋ ದೂರು ಹೊತ್ತು ಬಂದರೆ ಬಾಗಿಲಲ್ಲೇ ತಡೆದು, "ನನಗ ಹೇಳ್ರಿ" ಎಂದು ಎಲ್ಲವನ್ನೂ ತಮ್ಮ ಮೈಮೇಲೆ ಹಾಕಿಕೊಳ್ಳುತ್ತಿದ್ದರು. ಜನ ಅದನ್ನು ದೊಡ್ಡ ಗುಣವೆಂದರು. ಗುಣವೇ ಹೌದು, ಆದರೆ ಅದರೊಳಗೆ ಬೇರೆಯದೂ ಒಂದಿಷ್ಟು ಇತ್ತೆಂಬುದು ಅವರಿಗೇ ತಿಳಿದದ್ದು ಎಂಬತ್ತನಾಲ್ಕರಲ್ಲಿ.

ಆ ವರ್ಷ ಒಕ್ಕೂಟದ ಜನರಲ್ ಮ್ಯಾನೇಜರ್ ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಇಂದ್ರಾಬಾಯಿಯವರ ಹೆಸರನ್ನು ಅಧ್ಯಕ್ಷ ರಾಚಪ್ಪನವರೇ ಎತ್ತಿದ್ದರು. ಆಡಳಿತ ಮಂಡಳಿ ಒಪ್ಪುವುದೊಂದೇ ಬಾಕಿ. ಇಂದ್ರಾಬಾಯಿ ಯಾರಿಗೂ ಏನೂ ಹೇಳಲಿಲ್ಲ. ವಿದ್ಯಾಗಿರಿ ಬಡಾವಣೆಯ ತಮ್ಮ ಮನೆಯಲ್ಲಿ ಹೊಸ ಸೀರೆಯೊಂದನ್ನು ಮಾತ್ರ ಇಸ್ತ್ರಿ ಮಾಡಿಸಿ ಇಟ್ಟರು.

ಅದೇ ಹೊತ್ತಿಗೆ ನೂಲು ಹಂಚುವ ಕೆಲಸ ಕಂಪ್ಯೂಟರಿಗೆ ಬಂದಿತ್ತು. ಒಕ್ಕೂಟದ ನೂಲನ್ನು ತೆಗೆದುಕೊಂಡು ಹೊರಗೆ ಮಾರಿಕೊಳ್ಳುವವರು ಅಲ್ಲಲ್ಲಿ ಇದ್ದುದರಿಂದ ಒಂದು ನಿಯಮವಿತ್ತು: ವಾರಕ್ಕೊಮ್ಮೆ ತಪಾಸಣೆಯವನು ಓಣಿಗೆ ಹೋದಾಗ ಮಗ್ಗಗಳು ನಿಂತಿದ್ದರೆ, ಆ ಓಣಿಗೆ ಮುಂದಿನ ವಾರದ ನೂಲು ಇಲ್ಲ. ಇದನ್ನು ಯಂತ್ರಕ್ಕೆ ಕಲಿಸಿದವನು ಕಾಶಪ್ಪ, ಇಂದ್ರಾಬಾಯಿ ತಾವೇ ಆರಿಸಿ ತಂದು ತಿದ್ದಿದ ಪ್ರೋಗ್ರಾಮರ್. ಇಳಕಲ್ಲಿನ ನೇಕಾರರ ಮನೆಯವನು, ಮಗ್ಗದ ಸಪ್ಪಳ ಕೇಳುತ್ತಲೇ ಬೆಳೆದವನು. ಅವನು ಬರೆದದ್ದನ್ನು ಸಾಲು ಸಾಲಾಗಿ ನೋಡಿ ಸಹಿ ಮಾಡಿದವರು ಇಂದ್ರಾಬಾಯಿ.

ಇಳಕಲ್ಲಿನ ತಪಾಸಣೆ ಮಂಗಳವಾರ. ಒಂದು ಮಂಗಳವಾರ ಅಮಾವಾಸ್ಯೆ ಬಿತ್ತು. ಅಮಾವಾಸ್ಯೆಯ ದಿನ ನಮ್ಮ ಕಡೆ ಮಗ್ಗಕ್ಕೆ ಯಾರೂ ಕೂರುವುದಿಲ್ಲ; ಇದನ್ನು ಹಾಲು ಕುಡಿಯುವ ಕೂಸೂ ಬಲ್ಲದು. ತಪಾಸಣೆಯವನು, ಅಮಾವಾಸ್ಯೆ ಬಿದ್ದಾಗಲೆಲ್ಲ ಮಾಡುವಂತೆ, ಅಂದೂ ಓಣಿಗೆ ಹೋಗಲಿಲ್ಲ, ಹಾಳೆಯನ್ನು ಖಾಲಿ ಕಳಿಸಿದ. ಹಿಂದೆ ಅಂಥ ಹಾಳೆ ಬಂದರೆ ಕಾರಕೂನರು ಅಮಾಸಿಯೆಂದು ತಾವೇ ತಿಳಿದು ಮುಂದೆ ಸಾಗುತ್ತಿದ್ದರು. ಯಂತ್ರ ಖಾಲಿ ಎಂಬುದನ್ನು ಸೊನ್ನೆ ಎಂದು ಓದಿತು. ಇಳಕಲ್ಲಿನಲ್ಲಿ ಒಂದು ಮಗ್ಗವೂ ನಡೆಯುತ್ತಿಲ್ಲವೆಂದು ತೀರ್ಮಾನಿಸಿ ಇಡೀ ಊರಿನ ನೂಲನ್ನು ನಿಲ್ಲಿಸಿತು. ದೊಡ್ಡ ಯಂತ್ರವೇ ಹೇಳಿದ ಮೇಲೆ ನಾವ್ಯಾರು ಎಂದು ಗೋದಾಮಿನವರು ಲಾರಿಯನ್ನು ಹೊರಡಿಸಲಿಲ್ಲ. ಒಂದು ವಾರ ಇಳಕಲ್ಲಿನ ಓಣಿಗಳಲ್ಲಿ ಸದ್ದೇ ಇರಲಿಲ್ಲ. ಎಲ್ಲರೂ ಬಲ್ಲ ಸಂಗತಿಯಾದ್ದರಿಂದಲೇ ಯಾರೂ ಅದನ್ನು ಯಂತ್ರಕ್ಕೆ ಹೇಳಿರಲಿಲ್ಲ. ಪ್ರೋಗ್ರಾಮು ಬರೆದವನು ಪರವೂರಿನವನಾಗಿದ್ದರೆ, ನಿಮ್ಮ ಮಗ್ಗಕ್ಕೆ ರಜೆ ಸೂಟಿ ಯಾವಾಗ ಎಂದು ಮೊದಲೇ ಕೇಳಿರುತ್ತಿದ್ದನೇನೋ.

ರಾಚಪ್ಪನವರು ಇಂದ್ರಾಬಾಯಿಯವರನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಬಹಳ ಮೆತ್ತಗೆ ಹೇಳಿದರು: "ಇಂದ್ರಾಬಾಯಾರ, ಮಂಡಳಿಯವರು ಹುಡುಗನ್ನ ತಗೀರಿ ಅಂತ ಕುಂತಾರ. ಯಂತ್ರ ಕೆಟ್ಟಿತ್ತು ಅಂತ ಒಂದು ಮಾತು ಹೇಳಿಬಿಡ್ರಿ. ಅದರೊಳಗಿಂದು ತಿಳದವರು ಇಲ್ಲಿ ಯಾರದಾರ? ಹುಡುಗನೂ ಉಳೀತಾನ, ನಿಮಗ ಬರೂ ಖುರ್ಚಿನೂ ಉಳೀತೈತಿ."

ಆ ಮಾತು ಅವರನ್ನು ಮುಟ್ಟಲಿಲ್ಲವೆಂದರೆ ಸುಳ್ಳಾಗುತ್ತದೆ. ಒಂದು ಕ್ಷಣ ಅದು ಎಷ್ಟು ಸುಲಭವಾಗಿ, ಎಷ್ಟು ದಯಾಮಯವಾಗಿ ಕಂಡಿತೆಂದರೆ, ಒಪ್ಪದಿರುವುದೇ ಕ್ರೌರ್ಯವೆನಿಸಿತು. ಯಂತ್ರಕ್ಕೆ ಹೆಂಡತಿ ಮಕ್ಕಳಿಲ್ಲ, ಮಾನ ಮರ್ಯಾದೆಯಿಲ್ಲ. ಅದರ ತಲೆಗೆ ಕಟ್ಟಿದರೆ ಯಾರಿಗೂ ನೋವಿಲ್ಲ. ಅವರು ಕೋಟಿನ ಉದ್ದ ತೋಳನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ಯಂತ್ರ ಕೆಟ್ಟಿಲ್ರಿ" ಎಂದರು ಕೊನೆಗೆ. "ಅದರ ಮ್ಯಾಲ ಹಾಕಿದ್ರ, ನಾಳೆ ನೂಲು ಬರದಾಗ ಇಳಕಲ್ಲ ಮಂದಿ ಯಾರ ಮುಂದ ಬಂದು ನಿಂದ್ರಬೇಕ್ರಿ?"

"ಹಂಗಾರ ಸಭಾದಾಗ ಒಂದು ಹೆಸರು ಬೇಕಾಗ್ತೈತಿ."

"ಕೊಡ್ತೇನಿ" ಎಂದು ಅವರು ಎದ್ದರು. ಕೊಡಬೇಕಾದ ಹೆಸರು ತಮ್ಮದೇ ಎಂದು ಅವರು ಆಗಲೇ ನಿಶ್ಚಯಿಸಿದ್ದರು.

ಸಭೆಗೆ ಮೊದಲು ನೇಕಾರರಿಗೆ ಮುಖ ತೋರಿಸಬೇಕೆಂದು, ನೂಲಿನ ಲಾರಿಯನ್ನು ಮುಂದೆ ಕಳಿಸಿ, ಕಾಶಪ್ಪನನ್ನು ಕರೆದುಕೊಂಡು ಜೀಪಿನಲ್ಲಿ ಇಳಕಲ್ಲಿಗೆ ಹೋದರು. ಓಣಿಯ ಜನ ಕಟ್ಟೆಗಳ ಮೇಲೆ ನೆರೆದಿದ್ದರು. ಕಾಶಪ್ಪ ಬಾಯಿ ತೆರೆಯುವ ಮೊದಲೇ ಇಂದ್ರಾಬಾಯಿ ಮುಂದೆ ನಿಂತು, ತಪ್ಪು ತಮ್ಮದು, ಬೇರೆ ಯಾರದೂ ಅಲ್ಲ ಎಂದುಬಿಟ್ಟರು. ಗುರುಲಿಂಗವ್ವ ಎಂಬ ಹಿರಿಯ ನೇಕಾರಳು, ಕಾಶಪ್ಪನನ್ನು ಎತ್ತಿ ಆಡಿಸಿದವಳು, ಇವರನ್ನು ಮೇಲಿಂದ ಕೆಳಗೆ ನೋಡಿದಳು.

"ನೀ ಹುನಗುಂದದಾಕಿ ಅಲ್ಲೇನವ್ವಾ? ಅಮಾಸಿ ದಿನ ಯಾರರ ಮಗ್ಗಕ್ಕ ಕೂಡ್ತಾರೇನು? ನಿನಗ ಗೊತ್ತಿಲ್ಲೇನು?"

"ಗೊತ್ತಿತ್ತವ್ವಾ. ಗೊತ್ತಿತ್ತಂತನ ಯಾರನ್ನೂ ಕೇಳಲಿಲ್ಲ."

ಗುರುಲಿಂಗವ್ವ ಸಮಾಧಾನಗೊಳ್ಳಲಿಲ್ಲ, ಒಂದು ವಾರದ ಬರಿಗೈ ಅಷ್ಟು ಬೇಗ ಮರೆಯುವಂಥದಲ್ಲ. ಆದರೂ ಚಹಾ ಕೊಟ್ಟಳು. ಕಾಶಪ್ಪ ಅದನ್ನು ಕುಡಿಯದೆ ಜೀಪಿನ ಹತ್ತಿರ ಹೋಗಿ ನಿಂತ.

ಮರಳುವಾಗ ಜೀಪು ಹುನಗುಂದ ದಾಟಿತು. ಅಮೀನಗಡದಲ್ಲಿ ಜೀಪಿಗೆ ನೀರು ಹಾಕಲು ನಿಲ್ಲಿಸಿದಾಗ, ಕಾಶಪ್ಪನಿಂದ ಕೃತಜ್ಞತೆಯ ಮಾತು ಬರಬಹುದೆಂದು ಇಂದ್ರಾಬಾಯಿ ಸ್ವಲ್ಪ ಕಾದರು ಕೂಡ. ಬಂದದ್ದು ಬೇರೆ.

"ಮೇಡಂ, ಆ ತಪ್ಪು ನಂದ್ರಿ. ಅದನ್ನೂ ನೀವ ಇಟ್ಟುಕೊಂಡ್ರಿ. ನಮ್ಮ ಓಣ್ಯಾಗ, ನಮ್ಮ ಮಂದಿ ಮುಂದ, ನಾ ಬಾಯಿಲ್ಲದಾವ ಆದೆ. ನನ್ನ ಹೆಸರೀಲೆ ಅಂತ ಏನು ಉಳೀತ್ರಿ?"

ಇಂದ್ರಾಬಾಯಿಯವರಿಗೆ ಮೊದಲು ಬಂದದ್ದು ಸಿಟ್ಟು. ನಿನ್ನನ್ನು ಉಳಿಸಲು ಖುರ್ಚಿಯನ್ನೇ ಪಣಕ್ಕೆ ಇಟ್ಟಿದ್ದೇನೆ, ನೀನು ನನಗೇ ಬುದ್ಧಿ ಹೇಳುತ್ತೀಯಾ ಎಂದು ನಾಲಿಗೆಯ ತುದಿಯವರೆಗೂ ಬಂತು. ಜೀಪು ಹೊರಟಿತು, ದಾರಿಯ ಎರಡೂ ಬದಿಗೆ ಕಪ್ಪು ಹೊಲಗಳು ಹಿಂದೆ ಸರಿದವು, ಸಿಟ್ಟು ಇಳಿದಂತೆ ಅದರ ಕೆಳಗಿದ್ದ ನಾಚಿಕೆ ಕಂಡಿತು. ಇಷ್ಟು ವರ್ಷ ತಮ್ಮವರಿಗೆ ಬರಬೇಕಾದ ಬೈಗುಳವನ್ನೆಲ್ಲ ತಾವು ಹೊತ್ತುಕೊಂಡಾಗ, ಅವರು ದೊಡ್ಡವರಾಗುವ ಜಾಗವನ್ನೂ ತಾವೇ ಆಕ್ರಮಿಸಿದ್ದರೆಂದು ಇಂದ್ರಾಬಾಯಿಯವರಿಗೆ ಅಂದು ಹೊಳೆಯಿತು. ಹೈದರಾಬಾದಿನಲ್ಲಿ ತಮ್ಮನ್ನು ಬೆಳೆಯಗೊಡದೆ ಇದ್ದಲ್ಲೇ ಇರಿಸಿದಂತೆ, ಪ್ರೀತಿಯ ಹೆಸರಿನಲ್ಲಿ, ತಾವು ಇಲ್ಲಿ ಇವರನ್ನು ಇರಿಸಿದ್ದರು.

"ಸಭಾಕ್ಕ ನೀನೂ ಬಾ" ಎಂದರು ಬಾಗಲಕೋಟೆ ಬಂದಾಗ. "ನಿಂದು ನೀ ಹೇಳು, ನಂದು ನಾ ಹೇಳ್ತೇನಿ."

ಮಂಡಳಿಯ ಸಭೆಗೆ ಪ್ರೋಗ್ರಾಮರ್ ಒಬ್ಬನನ್ನು ಕರೆತಂದದ್ದು ಆ ಒಕ್ಕೂಟದ ಚರಿತ್ರೆಯಲ್ಲಿ ಅದೇ ಮೊದಲು. ಹಿರಿಯರಲ್ಲಿ ಕೆಲವರು ಹುಬ್ಬೇರಿಸಿದರು. ಕಾಶಪ್ಪ ಎದ್ದು ನಿಂತ. ಖಾಲಿ ಹಾಳೆಯನ್ನು ಸೊನ್ನೆಯೆಂದು ಬರೆದವನು ತಾನು, ತನ್ನ ಮನೆಯಲ್ಲೇ ಅಮಾಸಿಗೆ ಮಗ್ಗ ನಿಲ್ಲುತ್ತಿದ್ದರೂ ಅದು ನೆನಪಿಗೆ ಬರಲಿಲ್ಲ, ಈಗ ತಿದ್ದಿದ್ದೇನೆ, ಇನ್ನು ಖಾಲಿ ಹಾಳೆ ಬಂದರೆ ಯಂತ್ರ ತಾನೇ ತೀರ್ಮಾನಿಸದೆ ಮನುಷ್ಯರನ್ನು ಕೇಳುತ್ತದೆ ಎಂದು ಪೂರ್ತಿಯಾಗಿ ಹೇಳಿದ. ಇಂದ್ರಾಬಾಯಿ ಅವನ ಪಕ್ಕದಲ್ಲೇ ನಿಂತಿದ್ದರು. ಈ ಸಲ ಮುಂದೆ ಹೋಗಲಿಲ್ಲ. ಅವನು ಮುಗಿಸಿದ ಮೇಲೆ, "ನೋಡಿ ಸಹಿ ಮಾಡಿದಾಕಿ ನಾನು. ಇಳಕಲ್ಲಿನ ಒಬ್ಬ ನೇಕಾರನ್ನ ಕೂಡಿಸಿಕೊಂಡು ಇದನ್ನ ಓದಿಸಬೇಕಿತ್ತು, ಓದಿಸಲಿಲ್ಲ" ಎಂದು ಹೇಳಿ ಕುಳಿತರು.

ಎದುರಿಗೆ ನಿಂತು ಒಪ್ಪಿಕೊಂಡವನನ್ನು ಕೆಲಸದಿಂದ ತೆಗೆಯಲು ಮಂಡಳಿಗೆ ಬಾಯಿ ಬರಲಿಲ್ಲ. ಕಾಶಪ್ಪ ಉಳಿದ. ಆದರೆ ಯಾರ ಮೇಲಾದರೂ ಸಿಟ್ಟು ಇಳಿಯಲೇಬೇಕಲ್ಲ. ತಾನು ನೋಡದೆ ಸಹಿ ಮಾಡಿದೆನೆಂದು ತಾನೇ ಹೇಳುವ ಹೆಂಗಸಿನ ಕೈಗೆ ಇಡೀ ಸಂಸ್ಥೆಯನ್ನು ಹೇಗೆ ಕೊಡುವುದೆಂದು ಒಬ್ಬರು ಕೇಳಿದರು. ಅವರು ಹೇಳಿದ್ದು ಹಾಗಲ್ಲವೆಂದು ತಿದ್ದಲು ಯಾರೂ ಮುಂದಾಗಲಿಲ್ಲ. ಹುಬ್ಬಳ್ಳಿಯ ಕಡೆಯವರೊಬ್ಬರು ಜನರಲ್ ಮ್ಯಾನೇಜರಾಗಿ ಬಂದರು.

ಆ ದಿನ ಸಭೆ ಮುಗಿದು ಪಡಸಾಲೆಗೆ ಬಂದಾಗ ಕಾಶಪ್ಪ ಕಣ್ಣು ತುಂಬಿಕೊಂಡು, "ನನ್ನ ಸಲುವಾಗಿ ನಿಮ್ಮ ಖುರ್ಚಿ ಹೋತ್ರಿ" ಎಂದ. ಪರವಾಗಿಲ್ಲ, ಖುರ್ಚಿಯಲ್ಲಿ ಏನಿದೆ ಎಂಬಂಥ ಮಾತನ್ನು ಬೇರೆ ಯಾರಾದರೂ ಆಗಿದ್ದರೆ ಆಡುತ್ತಿದ್ದರು. ಇಂದ್ರಾಬಾಯಿ ಆಡಲಿಲ್ಲ.

"ಹೋತು ಖರೆ" ಎಂದರು. "ನನಗ ಅದು ಭಾಳ ಬೇಕಾಗಿತ್ತು, ಕಾಶಪ್ಪಾ."

ನಾಲ್ಕು ವರ್ಷದ ಮೇಲೆ, ಹುಬ್ಬಳ್ಳಿಯವರ ಅವಧಿ ಮುಗಿದಾಗ, ಅದೇ ಮಂಡಳಿ ಅದೇ ಖುರ್ಚಿಯನ್ನು ಅವರಿಗೆ ಕೊಟ್ಟಿತು. ಆ ವೇಳೆಗೆ ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದವು. ಆ ಎರಡು ವರ್ಷದಲ್ಲಿ ಅವರು ಮಾಡಿಸಿದ ಪ್ರತಿಯೊಂದು ಪ್ರೋಗ್ರಾಮನ್ನೂ ಮೊದಲು ಓಣಿಯವರ ಮುಂದೆ ಓದಿಸಿದರು, ಓದುವವನು ಬರೆದವನೇ ಆಗಿರುತ್ತಿದ್ದ. ಬಹಳ ಕೆಲಸವಾಯಿತು, ಅವರು ಅಂದುಕೊಂಡಷ್ಟು ಆಗಲಿಲ್ಲ. ಕಳೆದ ನಾಲ್ಕು ವರ್ಷಗಳನ್ನು ಯಾರೂ ಮರಳಿ ಕೊಡಲಿಲ್ಲ.

ನಿಸ್ಪೃಹರನ್ನು ಕೊಂಡಾಡುವುದು ನಮಗೆ ರೂಢಿ. ಅಧಿಕಾರ ಬೇಡವೆಂದು ಕೈ ಮುಗಿದವರಿಗೆ ನಾವು ಹಾರ ಹಾಕುತ್ತೇವೆ. ಆದರೆ ಬೇಕಿಲ್ಲದವರು ಬಿಟ್ಟರೆ ಅವರಿಗಾದ ನಷ್ಟವೇನು? ಲೋಕದ ಸಂಸ್ಥೆಗಳು ನಿಂತಿರುವುದು ಬೇರೆ ಬಗೆಯವರ ಮೇಲೆ ಎಂದು ನನಗೆ ತೋರುತ್ತದೆ. ಅವರಿಗೆ ಖುರ್ಚಿ ಬೇಕು, ಅದರ ಮೇಲೆ ಕುಳಿತು ಏನು ಮಾಡಬಹುದೆಂಬುದೂ ಗೊತ್ತು, ಅದಕ್ಕಾಗಿ ಆಯುಷ್ಯವನ್ನೇ ಸವೆಸಿರುತ್ತಾರೆ. ಅದು ಕೈಗೆಟುಕುವ ಹೊತ್ತಿಗೆ ಒಂದು ಸಣ್ಣ ಸುಳ್ಳು ಬೆಲೆಯಾಗಿ ಎದುರು ನಿಂತರೆ, ಕೈ ಹಿಂದೆಳೆದುಕೊಳ್ಳುತ್ತಾರೆ. ಆಮೇಲೆ ತಾವು ತ್ಯಾಗಿಗಳೆಂದು ಹೇಳಿಕೊಳ್ಳುವುದಿಲ್ಲ. ನೋವಾಯಿತೆಂದು ಹೇಳಿ, ಮರುದಿನ ಕೆಲಸಕ್ಕೆ ಬರುತ್ತಾರೆ.